ಕುರುಹು ಮತ್ತು ಅರಿವು

ಕುರುಹನ್ನೇ ಅರಿವೆಂದು ಭ್ರಮಿಸಬಾರದೆಂಬುದು ಶರಣರು ಸಾಧಕನಿಗೆ ಇತ್ತ ಎಚ್ಚರಿಕೆ. ಆಸ್ಪತ್ರೆಯ ಮಂಚದ ಬಳಿ ನಿಂತ ಗೃಹಸ್ಥನಿಗೂ ಈ ವಿವೇಕವು ಬೇಕಾಗುವ ಪ್ರಸಂಗವುಂಟು.

2005ರಲ್ಲಿ ಇಂಗ್ಲೆಂಡಿನಲ್ಲಿ 23 ವರ್ಷದ ತರುಣಿಯೊಬ್ಬಳಿಗೆ ರಸ್ತೆಯ ಅಪಘಾತದಿಂದ ತಲೆಗೆ ಬಲವಾದ ಪೆಟ್ಟು ಬಿದ್ದಿತು. ಐದು ತಿಂಗಳಾದರೂ ಆಕೆ ಯಾವ ಮಾತಿಗೂ ಓಗೊಡಲಿಲ್ಲ. ಕೇಂಬ್ರಿಜ್ಜಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಆಕೆಯನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆಯೂ ತನ್ನ ಮನೆಯ ಕೋಣೆಗಳಲ್ಲಿ ನಡೆದಾಡುತ್ತಿರುವಂತೆಯೂ ಭಾವಿಸಲು ಹೇಳಿದರು. ಆರೋಗ್ಯವಂತರ ಮೆದುಳಿನಲ್ಲಿ ಚುರುಕಾಗುವ ಭಾಗಗಳೇ ಅವಳಲ್ಲಿಯೂ ಚುರುಕಾದವು. 2006ರಲ್ಲಿ ಈ ಸಂಗತಿ ಪ್ರಕಟವಾಯಿತು. ಅಂಗವು ಸುಮ್ಮನಿದ್ದರೂ ಒಳಗೆ ಕೇಳುವವಳಿದ್ದಳು.

ಹಾಗೆಂದು ಯಂತ್ರದ ಚಿತ್ರವನ್ನೇ ವಿಧಿಲಿಖಿತವೆಂದು ನಂಬಬಹುದೆ? ಅದೂ ಒಂದು ಕುರುಹೇ. ಈ ಪರೀಕ್ಷೆಯಲ್ಲಿ ಆರೋಗ್ಯವಂತರ ಮೆದುಳು ಸಹ ಕೆಲವೊಮ್ಮೆ ಉತ್ತರವನ್ನು ತೋರುವುದಿಲ್ಲ.

ಇದಕ್ಕಿಂತ ಕಠಿಣವಾದ ತೊಡಕೊಂದಿದೆ. ತಲೆಗೆ ತೀವ್ರ ಪೆಟ್ಟಾದ 720 ಜನರ ವೃತ್ತಾಂತವನ್ನು ಕೆನಡಾದ 6 ಆಸ್ಪತ್ರೆಗಳಿಂದ ಸಂಗ್ರಹಿಸಿ 2011ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಸಂಭವಿಸಿದ ಮರಣಗಳಲ್ಲಿ ನೂರಕ್ಕೆ 70ರಷ್ಟು ಪ್ರಾಣಾಧಾರ ಚಿಕಿತ್ಸೆಯನ್ನು ನಿಲ್ಲಿಸಿದ ಮೇಲೆ ಆದವು. ಅನೇಕವು ಮೊದಲ ಮೂರು ದಿನಗಳೊಳಗೆ. ಚೇತರಿಸಲಾರನೆಂದು ನುಡಿದರು, ಚಿಕಿತ್ಸೆ ನಿಂತಿತು, ನುಡಿದುದು ನಿಜವಾಯಿತು. ಆತನು ಚೇತರಿಸುತ್ತಿದ್ದನೋ ಇಲ್ಲವೋ, ಇನ್ನು ಬಲ್ಲವರಾರು?

ಆಸೆ ಕಳೆದ ಮೇಲೆಯೂ ದೇಹವನ್ನು ಯಂತ್ರಕ್ಕೆ ಕಟ್ಟಿಡುವುದು ಮೋಹವೇ, ನಿಜ. ಆದರೆ ಮೂರನೆಯ ದಿನದ ಅವಸರವು ನಿರ್ಮೋಹವಲ್ಲ. ಕಾಯುವ ದಿನಗಳಲ್ಲಿ ಮನೆಯವರು ರೋಗಿಯು ಕೇಳುತ್ತಿರುವನೆಂದೇ ಬಗೆದು ಹೆಸರು ಹಿಡಿದು ಮಾತನಾಡಿಸಲಿ. ಖರ್ಚಿನ ಮಾತು, ಆಸ್ತಿಯ ಮಾತು ಬಾಗಿಲಿನಾಚೆ ನಡೆಯಲಿ.