ಶ್ವಾಸಕ್ಕೊಂದು ಸ್ಮರಣೆ



ತೊಗರ್ಸಿ ಸೀಮೆಯ ನಮಗೆ ಶಿಕಾರಿಪುರದ ಹುಚ್ಚರಾಯಸ್ವಾಮಿ, ಅಂದರೆ ಭ್ರಾಂತೇಶನು, ನೆರೆಯಲ್ಲಿಯೇ ಇರುವ ಪ್ರಾಣದೇವರು. ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ ಶಾಂತೇಶನೂ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಲ್ಲಿ ಕಾಂತೇಶನೂ ನೆಲೆಸಿದ್ದಾರೆ. ಈ ಮೂವರ ದರ್ಶನವನ್ನು ಒಂದೇ ದಿನ, ಸೂರ್ಯಾಸ್ತದೊಳಗೆ ಮಾಡಿದವರಿಗೆ ಕಾಶೀಯಾತ್ರೆಯ ಫಲವುಂಟೆಂಬುದು ಹಿರಿಯರಿಂದ ಬಂದ ನಂಬಿಕೆ.

ನಂಬಿಕೆ ಉದಾತ್ತವಾದುದು. ಆದರೆ ಯಾತ್ರೆ ನಡೆಯುವ ಪರಿಯನ್ನು ಸ್ವಲ್ಪ ವಿಚಾರಿಸೋಣ. ಭ್ರಾಂತೇಶನ ಮುಂದೆ ನಿಂತಾಗ ಮನಸ್ಸು ಸಾತೇನಹಳ್ಳಿಯ ಹಾದಿಯಲ್ಲಿರುತ್ತದೆ. ಸಾತೇನಹಳ್ಳಿಯಲ್ಲಿ ಮಂಗಳಾರತಿ ಬೆಳಗುತ್ತಿರುವಾಗ ಕದರಮಂಡಲಗಿಗೆ ಹೊತ್ತಾಯಿತೆಂಬ ತಳಮಳ. ಕದರಮಂಡಲಗಿಯಲ್ಲಿ ತೀರ್ಥ ಕೈಗೆ ಬೀಳುವಷ್ಟರಲ್ಲಿ ಮನೆಗೆ ಮರಳುವ ಚಿಂತೆ. ಕಾಲುಗಳು ಮೂರು ಕ್ಷೇತ್ರಗಳನ್ನು ಮುಟ್ಟಿದವು. ಮನಸ್ಸು ಒಂದನ್ನೂ ಮುಟ್ಟಲಿಲ್ಲ. ಒಂದು ದಿನದ ನಿಯಮವು ಧಾವಂತಕ್ಕಾಗಿ ಹುಟ್ಟಿದ್ದಲ್ಲ; ಒಂದು ಹಗಲನ್ನಾದರೂ ಪೂರ್ತಿಯಾಗಿ ಪ್ರಾಣದೇವರಿಗೆ ಒಪ್ಪಿಸಲೆಂದು ಎಂದೇ ನಾವು ತಿಳಿಯುತ್ತೇವೆ.

ಭ್ರಾಂತೇಶನ ಮೂಗಿನಲ್ಲಿ ಸಾಲಿಗ್ರಾಮವಿರುವುದು ಭಕ್ತರಿಗೆ ತಿಳಿದ ಸಂಗತಿ. ಮೂಗು ಶ್ವಾಸದ ದ್ವಾರ. ಶ್ವಾಸದ ಒಡೆಯನು ಮುಖ್ಯಪ್ರಾಣ. ಒಂದು ಅಹೋರಾತ್ರಿಯಲ್ಲಿ 21,600 ಬಾರಿ ಆತನು ನಮ್ಮೊಳಗಿದ್ದು ಹಂಸಮಂತ್ರವನ್ನು ಜಪಿಸುತ್ತಾನೆಂದು ನಮ್ಮ ಸಂಪ್ರದಾಯ ತಿಳಿಸುತ್ತದೆ. ಗಳಿಗೆಗೆ 360, ನಿಮಿಷಕ್ಕೆ 15. ನಾವು ಮಲಗಿದರೂ ಈ ಜಪ ನಿಲ್ಲದು. ದೇಹವೆಂಬ ಪುರದಲ್ಲಿ ಎಲ್ಲರೂ ನಿದ್ರಿಸಿದಾಗಲೂ ಪ್ರಾಣಾಗ್ನಿಗಳು ಎಚ್ಚತ್ತಿರುತ್ತವೆಂದು ಪ್ರಶ್ನೋಪನಿಷತ್ತು ತಿಳಿಸುತ್ತದೆ. ನಿನ್ನೆಯ ಶ್ವಾಸವನ್ನು ಇಂದು ಎಳೆಯಲಾರೆವು. ನಾಳೆಯದನ್ನು ಇಂದೇ ಕೂಡಿಡಲಾರೆವು. ಆತನು ನಮಗಾಗಿ ಜಪಿಸುತ್ತಿರುವುದು ಈ ಕ್ಷಣದಲ್ಲಿಯೇ. ನಾವು ಮಾತ್ರ ಈ ಕ್ಷಣದಲ್ಲಿ ಇಲ್ಲ!

ಇಂದು ಶ್ವಾಸವನ್ನು ಗಮನಿಸಿ ಮನಸ್ಸನ್ನು ಬರಿದು ಮಾಡಿರೆಂದು ಬೋಧಿಸುವವರು ಅನೇಕರಿದ್ದಾರೆ. ಶ್ವಾಸವನ್ನು ಗಮನಿಸುವುದು ಒಳ್ಳೆಯದೇ. ಆದರೆ ಬರಿದಾದ ಮನಸ್ಸು ನಮ್ಮ ಗುರಿಯಲ್ಲ. ಉಸಿರಾಡುವವನು ನಾನೆಂಬ ಭ್ರಾಂತಿ ಅಳಿದು, ಆಡಿಸುವವನು ವಾಯುದೇವನು, ಆತನ ಅಂತರ್ಯಾಮಿ ಶ್ರೀಹರಿ ಎಂಬ ಅರಿವು ಆ ಸ್ಥಳದಲ್ಲಿ ತುಂಬಬೇಕು. ಸ್ವತಂತ್ರನು ಒಬ್ಬನೇ, ಉಳಿದುದೆಲ್ಲ ಅಸ್ವತಂತ್ರವೆಂಬ ಶ್ರೀಮದಾಚಾರ್ಯರ ಸಿದ್ಧಾಂತವು ಪ್ರತಿ ಶ್ವಾಸದಲ್ಲಿಯೂ ಅನುಭವಕ್ಕೆ ಬರತಕ್ಕದ್ದು.

ನಿತ್ಯದ ಸಂಕಲ್ಪವನ್ನೇ ನೋಡಿರಿ. ಶ್ವೇತವರಾಹಕಲ್ಪದಿಂದ ಹಿಡಿದು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳವರೆಗೆ ಇಳಿದು ಬಂದು, ನಿಂತ ನೆಲವನ್ನೂ ಹೆಸರಿಸಿ, ಆಮೇಲೆ ಕರ್ಮಕ್ಕೆ ತೊಡಗುತ್ತೇವೆ. ಅನಂತವಾದ ಕಾಲದಲ್ಲಿ ಈ ಹೊತ್ತು, ವಿಶಾಲವಾದ ಭೂಮಿಯಲ್ಲಿ ಈ ಸ್ಥಳ, ಇಲ್ಲಿ ಈ ಕರ್ಮ ನನಗೆ ವಿಧಿಸಲ್ಪಟ್ಟಿದೆ ಎಂಬುದೇ ಅದರ ತಾತ್ಪರ್ಯ. ನಾಲಗೆ ತಿಥಿಯನ್ನು ಹೇಳುತ್ತಿರುವಾಗ ಕಣ್ಣು ಮೊಬೈಲಿನ ಮೇಲಿದ್ದರೆ ಸಂಕಲ್ಪ ಬಾಯಿಪಾಠವಾಯಿತೇ ಹೊರತು ಸಂಕಲ್ಪವಾಗಲಿಲ್ಲ.

ಹಾಗಾದರೆ ನಾಳೆಯ ವಿಚಾರವೇ ಬೇಡವೇ ಎಂದು ಕೇಳಬಹುದು. ಹಾಗಲ್ಲ. ಏಕಾದಶಿಯ ವ್ರತಕ್ಕೆ ದಶಮಿಯಂದೇ ನಿಯಮ ಹಿಡಿಯುತ್ತೇವೆ. ರೈತನು ಮಳೆಗೆ ಮುಂಚೆಯೇ ಗದ್ದೆಯನ್ನು ಹದಗೊಳಿಸುತ್ತಾನೆ. ಇವು ಇಂದಿನ ಕರ್ತವ್ಯಗಳೇ. ಕರ್ತವ್ಯ ಮುಗಿದ ಮೇಲೆಯೂ ಮಳೆ ಬಾರದಿದ್ದರೆ, ಅಡಿಕೆಯ ಧಾರಣೆ ಇಳಿದರೆ, ದೂರದೂರಿನ ಮಗ ಹಬ್ಬಕ್ಕೆ ಬಾರದಿದ್ದರೆ ಎಂದು ಬೇಯುವುದು ಮಾತ್ರ ಹರಿಯ ಹೊರೆಯನ್ನು ನಮ್ಮ ತಲೆಗೆ ಎಳೆದುಕೊಂಡಂತೆ.

ಇದು ಕೇವಲ ನೆಮ್ಮದಿಯ ಮಾತಲ್ಲ. ಅಂತ್ಯಕಾಲದಲ್ಲಿ ಯಾವುದರ ಸ್ಮರಣೆಯೋ ಅದರಂತೆ ಗತಿ; ಆದುದರಿಂದ ಎಲ್ಲ ಕಾಲದಲ್ಲಿಯೂ ತನ್ನನ್ನು ನೆನೆಯುತ್ತಲೇ ಯುದ್ಧಮಾಡೆಂದು ಗೀತೆಯ 8ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಅಪ್ಪಣೆ ಕೊಟ್ಟಿದ್ದಾನೆ. ಯುದ್ಧವನ್ನು ಬಿಟ್ಟು ನೆನೆಯೆಂದು ಹೇಳಲಿಲ್ಲ. ಕಡೆಯ ಕ್ಷಣವು ಮುಂದಾಗಿ ತಿಳಿಸಿ ಬರುವುದಿಲ್ಲ. ಬಂದಾಗ ಅದೂ ಇಂತಹುದೇ ಒಂದು ‘ಈ ಕ್ಷಣ’. ಇಂದಿನ ಕ್ಷಣಗಳಲ್ಲಿ ಅಭ್ಯಾಸವಾಗದ ಸ್ಮರಣೆ ಅಂದು ಎಲ್ಲಿಂದ ಬಂದೀತು?

ಆದುದರಿಂದ ಸಣ್ಣದಾಗಿ ಆರಂಭಿಸೋಣ. ಸಂಧ್ಯಾವಂದನೆಯ ಪ್ರತಿ ಅರ್ಘ್ಯವನ್ನೂ ಅರಿತು ಬಿಡೋಣ. ನೈವೇದ್ಯಕ್ಕೆ ಅಡಿಗೆ ಮಾಡುವ ತಾಯಂದಿರು ಒಲೆಯ ಮುಂದೆ ಒಂದು ನಾಮವನ್ನು ನೆನೆಯಲಿ. ವೃದ್ಧರಾದ ತಾಯಿತಂದೆಗಳು ಮಾತನಾಡುವಾಗ, ಅವರೊಳಗಿನ ಬಿಂಬರೂಪಿಯೇ ಆಲಿಸುತ್ತಿದ್ದಾನೆಂದು ತಿಳಿದು ಕಿವಿಗೊಡೋಣ. ಮುಂದಿನ ಶನಿವಾರ ಪ್ರಾಣದೇವರ ಮುಂದೆ ನಿಂತಾಗ ಮೂರು ಶ್ವಾಸಗಳ ಕಾಲವಾದರೂ ಅಲ್ಲಿಯೇ ನಿಲ್ಲೋಣ. ಹನ್ನೆರಡೇ ಸೆಕೆಂಡುಗಳು! ಯಾತ್ರೆಗೆ ಅದರಿಂದ ತಡವಾಗದು.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮ್ಮೆಲ್ಲರಿಗೂ ಈ ಎಚ್ಚರವನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.