ಹೆಸರು ಯಾರ ಸ್ವತ್ತು?

ಕಳೆದ ವಾರ ನಾನು ಹತ್ತಿದ ಆಟೋದಲ್ಲಿ ಚಾಲಕನ ಮೊಬೈಲಿನ ಮೇಲೆ ಅವನಿಗೆ ಪ್ರಯಾಣಿಕರು ಕೊಟ್ಟ ಅಂಕದ ಸರಾಸರಿ ಕಾಣುತ್ತಿತ್ತು: ಐದಕ್ಕೆ 4.8. “ಒಳ್ಳೆಯ ಹೆಸರು ಸಂಪಾದಿಸಿದ್ದೀರಿ” ಎಂದೆ.

“ಐದು ವರ್ಷದ ದುಡಿಮೆ ಸಾರ್. ಆದರೆ ಬೇರೆ ಆ್ಯಪಿಗೆ ಹೋದರೆ ಮತ್ತೆ ಸೊನ್ನೆಯಿಂದ ಶುರು. ಹೆಸರು ಇಲ್ಲೇ ಉಳಿದುಬಿಡುತ್ತೆ” ಎಂದು ನಕ್ಕ.

ಆ ನಗೆ ನನ್ನನ್ನು ಬಿಡಲಿಲ್ಲ. ಹಿಂದೆ ಜಟಕಾ ಓಡಿಸುವವನ ಹೆಸರು ಊರವರ ಬಾಯಲ್ಲಿರುತ್ತಿತ್ತು. ಅವನು ಬಂಡಿ ಬದಲಿಸಿದರೂ ಹೆಸರು ಅವನೊಡನೆಯೇ ಹೋಗುತ್ತಿತ್ತು. ಇಂದು ಅದು ಕಂಪೆನಿಯ ಲೆಕ್ಕದಲ್ಲಿದೆ. ಲೆಕ್ಕ ಬರೆದವರು ನಾವು, ಯಂತ್ರ ನಮ್ಮದು ಎಂದು ಕಂಪೆನಿ ಹೇಳಬಹುದು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಬಾವಿ ತೋಡಲು ಹಾರೆ ಕೊಟ್ಟವನು ನೀರೆಲ್ಲ ತನ್ನದೆನ್ನಬಹುದೆ? ಅಂಕ ಕೊಟ್ಟವನು ನಾನು, ಗಳಿಸಿದವನು ಅವನು. ನಡುವೆ ನಿಂತವರಿಗೆ ಅದು ಸ್ವತ್ತಾದದ್ದು ಹೇಗೆ?

ಈಗ ಎಲ್ಲೆಲ್ಲೂ ‘ಮಾಹಿತಿ ಸಾರ್ವಭೌಮತ್ವ’ದ ಮಾತು. ಹಣಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಆಜ್ಞೆ ಮಾಡಿತು. ಅದು ತಪ್ಪಲ್ಲ. ಆದರೆ ಪೆಟ್ಟಿಗೆ ನಮ್ಮೂರಲ್ಲಿದ್ದು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿದ್ದರೆ ಪೆಟ್ಟಿಗೆ ನಮ್ಮದಾದೀತೆ? ದೇಶದ ಸಾರ್ವಭೌಮತ್ವ ಬೇರೆ, ವ್ಯಕ್ತಿಯದು ಬೇರೆ.

ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ತನ್ನ ಮಾಹಿತಿಯನ್ನು ಕೇಳುವ, ತಿದ್ದಿಸುವ, ಅಳಿಸುವ ಹಕ್ಕುಗಳನ್ನು 2023ರ ಕೇಂದ್ರ ಕಾಯಿದೆ ಬರೆದಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಇನ್ನೊಂದು ಹಕ್ಕೂ ಇದೆ: ತಾನು ಕೊಟ್ಟ ಮಾಹಿತಿಯನ್ನು ಬೇರೆ ಕಡೆಗೆ ಒಯ್ಯುವುದು. ನಮ್ಮ ಕಾಯಿದೆಯಲ್ಲಿ ಅದು ಇಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆ ಒಂದು ಹೆಜ್ಜೆ ಮುಂದಿಟ್ಟಿದೆ. ಕಾರ್ಮಿಕನ ಕೆಲಸವನ್ನು ಅಳೆಯುವ ಯಂತ್ರದ ರೀತಿಯನ್ನು ಅವನಿಗೆ ತಿಳಿಸಬೇಕು. ಸಾಮಾನ್ಯವಾಗಿ 14 ದಿನ ಮುಂಚಿತವಾಗಿ, ಕಾರಣ ಕೊಟ್ಟಲ್ಲದೆ ತೆಗೆದುಹಾಕುವಂತಿಲ್ಲ. ಒಳ್ಳೆಯದೇ. ಆದರೂ ಹೊರಟವನು ಬರಿಗೈಯಲ್ಲೇ ಹೊರಡಬೇಕು.

ಒಯ್ಯುವ ಹಕ್ಕು ಬಂದರೆ ಹೊಸ ತೊಡಕುಗಳು ಬಾರದಿರವು. ಅವನ ಲೆಕ್ಕದಲ್ಲಿ ನನ್ನ ಓಡಾಟವೂ ಸೇರಿದೆಯಲ್ಲ! ನನ್ನ ಗುಟ್ಟು ಅವನ ಹೆಸರಿನೊಡನೆ ಊರು ಸುತ್ತಬಾರದು. ಎರಡನ್ನೂ ಬೇರ್ಪಡಿಸುವುದು ಶಾಸನದ ಕೆಲಸ. ಅದು ಕಷ್ಟವೆಂಬುದು ಮಾಡದಿರಲು ನೆಪವಾಗಬಾರದು. ನಡತೆಯಿಂದ ಗಳಿಸಿದ ಹೆಸರು ಗಳಿಸಿದವನೊಡನೆ ಹೋಗಬೇಕೆಂಬುದು ನನ್ನ ನಿಲುವು.

ಅಂದು ಇಳಿಯುವಾಗ ಐದಕ್ಕೆ ಐದು ಒತ್ತಿದೆ. ಕೊಟ್ಟದ್ದು ಅವನಿಗೆ ಎಂದುಕೊಂಡಿದ್ದೆ. ಈಗ ಆ ಭರವಸೆಯಿಲ್ಲ.