ರಾವಣನ ಮಾನ, ಜೋಕರ್‌ನ ನಗು

ಜೈನ ರಾಮಾಯಣದ ರಾವಣನಿಗೆ ಹತ್ತು ತಲೆಗಳಿಲ್ಲ. ಕೂಸಿದ್ದಾಗ ಕೊರಳಲ್ಲಿದ್ದ ರತ್ನಹಾರದಲ್ಲಿ ಅವನ ಮುಖ ಒಂಬತ್ತು ಕಡೆ ಮೂಡಿ ಕಂಡಿತು, ಅದರಿಂದ ದಶಮುಖನೆಂಬ ಹೆಸರು ಬಂತು ಎನ್ನುತ್ತದೆ ಆ ಪರಂಪರೆ. ಅವನು ವಿದ್ಯಾಧರ ಕುಲದ ಅರಸ, ಜಿನಭಕ್ತ, ತನ್ನನ್ನು ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ಮುನಿಯ ಮುಂದೆ ವ್ರತ ತೊಟ್ಟವನು. ಜೈನ ಪುರಾಣಗಳು ಎಣಿಸುವ 63 ಶಲಾಕಾಪುರುಷರಲ್ಲಿ, ಅಂದರೆ ಲೋಕದ ಮಹಾಪುರುಷರ ಸಾಲಿನಲ್ಲಿ, 24 ತೀರ್ಥಂಕರರ ಜೊತೆಗೇ ಒಂಬತ್ತು ಮಂದಿ ಪ್ರತಿವಾಸುದೇವರಿಗೂ ಜಾಗವಿದೆ. ರಾವಣ ಅವರಲ್ಲೊಬ್ಬ. ಕಥೆಯಲ್ಲಿ ಸೋತು ಸಾಯಲೇಬೇಕಾದವನು, ಆದರೂ ಮಹಾಪುರುಷ. ಅವನನ್ನು ಕೊಂದ ಲಕ್ಷ್ಮಣನೂ ಆ ಪಾಪಕ್ಕಾಗಿ ನರಕಕ್ಕೆ ಹೋಗುತ್ತಾನೆ.

ಇಂಥ ರಾವಣ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಪರಕೀಯನಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳಲ್ಲಿ ಕಬ್ಬು, ತಂಬಾಕು ಬೆಳೆಯುವ ಜೈನ ಒಕ್ಕಲಿನ ಊರುಗಳು ಎಷ್ಟೋ ಇವೆ. ಕಳೆದ ಶತಮಾನದ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಭೋಜದ ಹತ್ತಿರದ ಯಳಗೂಡಿನಲ್ಲಿ. ಆಚಾರ್ಯ ವಿದ್ಯಾನಂದರ ಹುಟ್ಟೂರು ಶೇಡಬಾಳ, ಆಚಾರ್ಯ ವಿದ್ಯಾಸಾಗರರದು ಸದಲಗಾ. ಕಾಮಿಕ್ ಪುಸ್ತಕದಿಂದ ಎದ್ದು ಬಂದ ಖಳನೊಬ್ಬ ಯಾಕೆ ಮನಸ್ಸು ಸೆಳೆಯುತ್ತಾನೆ ಎಂಬ ಪ್ರಶ್ನೆಯನ್ನು ಈ ನೆಲದ ಮೇಲೆ ನಿಂತು ಕೇಳಿದರೆ, ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ.

ಆ ಖಳ ‘ಜೋಕರ್’. 1940ರಲ್ಲಿ ಬ್ಯಾಟ್‌ಮನ್ ಕಾಮಿಕ್‌ನಲ್ಲಿ ಕಾಣಿಸಿಕೊಂಡ ಅವನನ್ನು 2019ರಲ್ಲಿ ಟಾಡ್ ಫಿಲಿಪ್ಸ್ ಕಥೆಯ ನಡುವಿಗೆ ತಂದು ನಿಲ್ಲಿಸಿದರು. ಆ ಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಪ್ರಶಸ್ತಿ ಪಡೆಯಿತು. ನಾಯಕನಾಗಿ ನಟಿಸಿದ ವಾಕಿನ್ ಫೀನಿಕ್ಸ್‌ಗೆ ಆಸ್ಕರ್ ಬಂತು. ಆರ್ಥರ್ ಫ್ಲೆಕ್ ಎಂಬ ಬಡ ವಿದೂಷಕ ಬೀದಿಯಲ್ಲಿ ಏಟು ತಿನ್ನುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ಸರ್ಕಾರ ಹಣ ನಿಲ್ಲಿಸಿದ್ದರಿಂದ ಅವನ ಚಿಕಿತ್ಸೆ, ಔಷಧಿ ಎಲ್ಲವೂ ನಿಲ್ಲುತ್ತವೆ. ತಡೆಯಲಾಗದೆ ಬರುವ ನಗುವೇ ಅವನ ಕಾಯಿಲೆ. ಕೊನೆಗೆ ಅವನು ಕೊಲ್ಲತೊಡಗುತ್ತಾನೆ. ಚಿತ್ರಮಂದಿರದಲ್ಲಿ ಕೂತ ನಾವು ಅಷ್ಟರೊಳಗೆ ಅವನ ಪಕ್ಷದಲ್ಲಿರುತ್ತೇವೆ. ಆಂಟಿಹೀರೋ ಎಂದರೆ ಇವನೇ. ನಾಯಕನ ಗುಣವಿಲ್ಲದವನು, ಆದರೂ ಕಥೆ ಅವನ ಕಣ್ಣಿನಿಂದಲೇ ಲೋಕವನ್ನು ನೋಡುತ್ತದೆ.

ಒಳ್ಳೆಯವರ ಕಥೆ ಬೇಸರ ತರಿಸಿದೆ, ನಮ್ಮೊಳಗೆ ಅದುಮಿಟ್ಟ ಸಿಟ್ಟನ್ನು ಇವನು ಹೊರಹಾಕುತ್ತಾನೆ ಎಂದು ಕೆಲವರು ಈ ಸೆಳೆತವನ್ನು ವಿವರಿಸುತ್ತಾರೆ. ಸ್ವಲ್ಪ ನಿಜವಿರಬಹುದು. ಆದರೆ ಬರೀ ಸಿಟ್ಟು ಹೊರಹೋಗುವುದಾಗಿದ್ದರೆ ಯಾವ ಹೊಡೆದಾಟದ ಚಿತ್ರವಾದರೂ ಸಾಕಿತ್ತು. ಇಲ್ಲಿ ಮನಸ್ಸು ಕರಗುತ್ತದೆ. ಕರಗುವ ಬಗೆಯನ್ನು ನಮ್ಮ ಕಾವ್ಯಮೀಮಾಂಸೆ ಸಾವಿರ ವರ್ಷಗಳ ಹಿಂದೆಯೇ ವಿಚಾರಿಸಿದೆ. ಭಟ್ಟನಾಯಕ ಹೇಳಿದ, ಅಭಿನವಗುಪ್ತ ಬೆಳೆಸಿದ ಆ ತತ್ತ್ವದ ಹೆಸರು ಸಾಧಾರಣೀಕರಣ. ರಂಗದ ಮೇಲಿನ ದುಃಖ ದುರ್ಯೋಧನನದೂ ಅಲ್ಲ, ಪಾತ್ರಧಾರಿಯದೂ ಅಲ್ಲ, ನೋಡುವ ನನ್ನದೂ ಅಲ್ಲ. ಇಂಥವರದು ಎಂಬ ಗುರುತು ಕಳಚಿ ಅದು ಎಲ್ಲರಿಗೂ ಸಲ್ಲುವ ದುಃಖವಾಗುತ್ತದೆ. ಲಾಭನಷ್ಟದ ಲೆಕ್ಕ, ಶತ್ರುಮಿತ್ರರ ಲೆಕ್ಕ ಆ ಹೊತ್ತಿಗೆ ಹಿಂದೆ ಸರಿಯುತ್ತದೆ. ಬೀದಿಯಲ್ಲಿ ಕೊಲೆಗಾರನನ್ನು ಕಂಡರೆ ನಾನು ಓಡುತ್ತೇನೆ. ನಾಟಕದಲ್ಲಾದರೆ ಅವನ ಪಕ್ಕದಲ್ಲಿ ಕೂತು ಅವನ ಎದೆಬಡಿತ ಕೇಳಬಲ್ಲೆ.

ಅಭಿನವಗುಪ್ತ ಕಾಶ್ಮೀರದಲ್ಲಿ ಇದನ್ನು ಚಿಂತಿಸುತ್ತಿದ್ದ ಕಾಲಕ್ಕೆ ಹತ್ತಿರದಲ್ಲೇ, ರಾಯಬಾಗದಿಂದ ಬಹಳ ದೂರವಿಲ್ಲದ ಮುಧೋಳದಲ್ಲಿ ಹುಟ್ಟಿದ ಬಳೆಗಾರರ ಮನೆಯ ರನ್ನ ಅದನ್ನು ಕಾವ್ಯದಲ್ಲಿ ಮಾಡಿ ತೋರಿಸಿದ. ‘ಗದಾಯುದ್ಧ’ದ ಅಧಿಕೃತ ನಾಯಕ ಭೀಮ. ಕವಿಯ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ ಕಾವ್ಯವದು. ಆದರೂ ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವವನು ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ, ಒಬ್ಬೊಬ್ಬರ ಮುಂದೆಯೂ ಅವನು ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ವೀರಮರಣವನ್ನು ಹೊಗಳುತ್ತಾನೆ, ತನಗೂ ಅಂಥದ್ದೇ ಸಾವು ಬರಲಿ ಎನ್ನುತ್ತಾನೆ. ದ್ರೌಪದಿಯ ಮುಡಿ ಹಿಡಿದು ಎಳೆಸಿದವನು ಇವನೇ ಎಂಬುದನ್ನು ರನ್ನ ಮರೆಮಾಡುವುದಿಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಇಡುತ್ತಾನೆ.

ಇಲ್ಲಿ ಒಂದು ಅಪಾಯವಿದೆ. ಪ್ಲೇಟೊ ಅದಕ್ಕೆ ಹೆದರಿಯೇ ತನ್ನ ಆದರ್ಶ ನಗರದಿಂದ ಕವಿಗಳನ್ನು ಹೊರಗಿಟ್ಟ. ಕೆಟ್ಟವನ ದುಃಖವನ್ನು ಸವಿದ ಮನಸ್ಸು ಕೆಟ್ಟದ್ದಕ್ಕೂ ಒಗ್ಗುತ್ತದೆ ಎಂಬುದು ಅವನ ಭಯ. ‘ಜೋಕರ್’ ಬಿಡುಗಡೆಯಾಗುವ ಮುನ್ನ ಅಮೆರಿಕದಲ್ಲಿ ಎದ್ದ ಆತಂಕವೂ ಅದೇ. ಈ ಭಯವನ್ನು ನಾನು ತಳ್ಳಿಹಾಕಲಾರೆ. ಇದಕ್ಕೆ ಉತ್ತರ ಕೊಡಬೇಕಾದರೆ ಕಾರಣವನ್ನೂ ಸಮರ್ಥನೆಯನ್ನೂ ಬೇರೆ ಮಾಡಿ ನೋಡಬೇಕು. ‘ಆಂವಾ ತಪ್ಪ ಮಾಡ್ಯಾನ ಖರೆ, ಆದ್ರ...’ ಎಂದು ನಮ್ಮ ಕಡೆಯ ಕಟ್ಟೆಗಳ ಮೇಲೆ ಮಾತು ಶುರುವಾಗುತ್ತದಲ್ಲ, ಆ ‘ಆದ್ರ’ದ ಮುಂದೆ ಬರುವುದು ಎರಡರಲ್ಲಿ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಪ್ಪು ಹೇಗೆ ಹುಟ್ಟಿತು ಎಂದು ತಿಳಿದಾಗ ತಪ್ಪು ಸಣ್ಣದಾಗಬೇಕೆಂದಿಲ್ಲ. ಕೆಲವೊಮ್ಮೆ ದೊಡ್ಡದಾಗುತ್ತದೆ.

ಇದನ್ನು ನಾಗಚಂದ್ರನಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ಸುಮಾರು 1100ರ ಹೊತ್ತಿನ ಅವನ ‘ರಾಮಚಂದ್ರಚರಿತಪುರಾಣ’ದ ರಾವಣನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕರ ಮಾದರಿಯ ದುರಂತನಾಯಕನನ್ನು ಗುರುತಿಸಿದರು. ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ದುಷ್ಟನೂ ಅಲ್ಲದ, ಒಂದು ದೋಷದಿಂದ ಬೀಳುವ ದೊಡ್ಡ ಮನುಷ್ಯನೇ ದುರಂತಕ್ಕೆ ತಕ್ಕವನು ಎಂದಿದ್ದ ಅರಿಸ್ಟಾಟಲ್. ಹೊಸ ವಿದ್ಯೆಯೊಂದನ್ನು ಸಾಧಿಸಿಕೊಂಡ ರಾವಣ ಸೀತೆಯ ಬಳಿ ಬಂದು ತನ್ನ ಬಲವನ್ನು ಹೇಳಿಕೊಳ್ಳುತ್ತಾನೆ. ರಾಮನಿಗೆ ಏನಾದೀತೋ ಎಂಬ ಭಯಕ್ಕೇ ಅವಳು ಮೂರ್ಛೆ ಹೋಗುತ್ತಾಳೆ. ಆ ಪ್ರೀತಿಯನ್ನು ಕಣ್ಣಾರೆ ಕಂಡಾಗ ಅವನ ಮನಸ್ಸು ತಿರುಗುತ್ತದೆ. ಅಗಲಬಾರದವರನ್ನು ಅಗಲಿಸಿದೆನಲ್ಲ ಎಂದು ಮರುಗುತ್ತಾನೆ, ಅವಳ ಮೇಲಿನ ಆಸೆಯೂ ಬತ್ತುತ್ತದೆ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಈಗಲೇ ಸೀತೆಯನ್ನು ಕಳಿಸಿದರೆ ರಾವಣ ಹೆದರಿದ ಎಂದು ಲೋಕ ಆಡಿಕೊಳ್ಳುತ್ತದೆ. ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿಯುತ್ತೇನೆ, ಆಮೇಲೆ ನಾನೇ ಅವಳನ್ನು ಒಪ್ಪಿಸುತ್ತೇನೆ ಎಂದು ನಿಶ್ಚಯಿಸುತ್ತಾನೆ. ಲಂಕೆ ಉರುಳಿದ್ದು ಕಾಮದಿಂದ ಎನ್ನುವವರು ಈ ಗಳಿಗೆಯನ್ನು ಓದಿಲ್ಲ. ಕಾಮ ಹೋದ ಮೇಲೂ ಯುದ್ಧ ಉಳಿಯಿತು.

ಉಳಿಸಿದ್ದಕ್ಕೆ ಜೈನ ತತ್ತ್ವದಲ್ಲಿ ಹೆಸರಿದೆ: ಮಾನ, ಅಂದರೆ ಗರ್ವ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು ಆತ್ಮಕ್ಕೆ ಕರ್ಮವನ್ನು ಅಂಟಿಸುತ್ತವೆ. ಮಾನದ ಗಡಸುತನವನ್ನು ಶಾಸ್ತ್ರಗಳು ನಾಲ್ಕು ಮೆಟ್ಟಿಲಲ್ಲಿ ಅಳೆಯುತ್ತವೆ: ಕಲ್ಲಿನ ಕಂಬ, ಎಲುಬು, ಕಟ್ಟಿಗೆ, ಬೆತ್ತ. ಬೆತ್ತ ಬೇಗ ಬಾಗುತ್ತದೆ, ಕಲ್ಲು ಮುರಿಯುತ್ತದೆಯೇ ಹೊರತು ಬಾಗುವುದಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮೊದಲ ದಿನ ಕ್ಷಮೆಯದು, ಎರಡನೆಯ ದಿನ ಮಾರ್ದವದ್ದು, ಅಂದರೆ ಮೃದುತನದ್ದು. ಆ ಎರಡನೆಯ ದಿನ ಈ ಮಾನಕ್ಕೆ ಎದುರಾಗಿ ನಿಂತದ್ದು. ಕಷಾಯ ಆತ್ಮಕ್ಕೆ ಅಂಟಿದ್ದು, ಆತ್ಮವೇ ಅದಲ್ಲ. ಆದ್ದರಿಂದಲೇ ರಾವಣನೂ ಮುಂದೊಂದು ಜನ್ಮದಲ್ಲಿ ತೀರ್ಥಂಕರನಾಗಬಲ್ಲ. ಹಾಗೆಂದು ಅವನು ಮಾಡಿದ್ದು ಸರಿಯಾಗುವುದಿಲ್ಲ. ಅವನೂ ನರಕ ಅನುಭವಿಸಿಯೇ ತೀರಬೇಕು. ಮನುಷ್ಯನ ಮೇಲೆ ಇಷ್ಟು ಭರವಸೆ, ಅವನ ಕೃತ್ಯದ ಬಗ್ಗೆ ಇಷ್ಟು ಕಟ್ಟುನಿಟ್ಟು, ಎರಡೂ ಒಟ್ಟಿಗೇ ಇರುವುದು ನನಗೆ ಈ ಪರಂಪರೆಯ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಈ ಅಳತೆಗೋಲು ಹಿಡಿದು ನೋಡಿದರೆ ‘ಜೋಕರ್’ನ ದೊಡ್ಡ ಭಾಗ ನನ್ನನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಅಲ್ಲಿ ಏಟುಗಳೆಲ್ಲ ಹೊರಗಿನಿಂದ ಬೀಳುತ್ತವೆ. ಒಂದರ ಮೇಲೊಂದು ಅನ್ಯಾಯ ಪೇರಿಸಿ ಕೊನೆಗೆ ಕೈಗೆ ಬಂದೂಕು ಕೊಟ್ಟರೆ, ಕಾರಣ ಯಾವಾಗ ಸಮರ್ಥನೆಯಾಯಿತು ಎಂದು ನೋಡುವವನಿಗೆ ತಿಳಿಯುವುದೇ ಇಲ್ಲ. ರಾವಣನಿಗೆ ರಾಜ್ಯವಿತ್ತು, ವಿದ್ಯೆಯಿತ್ತು, ಬುದ್ಧಿ ಹೇಳುವ ವಿಭೀಷಣನಿದ್ದ. ದಾರಿ ತೆರೆದೇ ಇತ್ತು. ಅವನು ನಡೆಯಲಿಲ್ಲ ಎಂಬುದೇ ನಮ್ಮನ್ನು ಕಾಡುತ್ತದೆ. ಹಾಗೆಂದು ಆ ಚಿತ್ರವನ್ನು ಕಡೆಗಣಿಸುವುದೂ ತಪ್ಪು. ಕಷ್ಟ ಕೇಳುವ ಕಚೇರಿಯೊಂದು ಮುಚ್ಚಿದರೆ ಒಬ್ಬ ಬಡವನ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಅಷ್ಟು ನೇರವಾಗಿ ತೋರಿಸಿದ ಜನಪ್ರಿಯ ಚಿತ್ರಗಳು ವಿರಳ.

ಅದೂ ಅಲ್ಲದೆ ಅದರಲ್ಲೊಂದು ದೃಶ್ಯವಿದೆ. ಆರ್ಥರ್ ತನ್ನ ಮನೆಗೆ ಬಂದ ಹಳೆಯ ಸಹೋದ್ಯೋಗಿಯನ್ನು ಕೊಲ್ಲುತ್ತಾನೆ. ಜೊತೆಗೆ ಬಂದ ಗ್ಯಾರಿ ಕುಳ್ಳ, ಭಯದಿಂದ ನಡುಗುತ್ತಿದ್ದಾನೆ. ಬಾಗಿಲಿನ ಚಿಲಕ ಅವನ ಕೈಗೆ ಎಟುಕುವುದಿಲ್ಲ, ತೆಗೆದುಕೊಡು ಎಂದು ಕೊಲೆಗಾರನನ್ನೇ ಕೇಳಬೇಕಾಗುತ್ತದೆ. ತನ್ನೊಡನೆ ಒಳ್ಳೆಯ ರೀತಿಯಲ್ಲಿ ನಡೆದುಕೊಂಡವನು ನೀನೊಬ್ಬನೇ ಎಂದು ಹೇಳಿ ಆರ್ಥರ್ ಅವನನ್ನು ಹೋಗಲು ಬಿಡುತ್ತಾನೆ. ಅವನನ್ನು ಉಳಿಸಬಲ್ಲವನು ಇನ್ನೊಬ್ಬನನ್ನೂ ಉಳಿಸಬಹುದಿತ್ತು. ಅಲ್ಲಿಯವರೆಗೆ ಸಮಾಜವೇ ಅವನ ಕೈಯಿಂದ ಇದೆಲ್ಲ ಮಾಡಿಸುತ್ತಿದೆ ಎಂದು ನಂಬಿ ಕೂತಿದ್ದ ನಮಗೆ, ಅಷ್ಟು ಹೊತ್ತೂ ಆ ಕೈ ಅವನದೇ ಆಗಿತ್ತು ಎಂದು ತಿಳಿಯುವುದು ಆಗ.